ಮೌತ್ ಆರ್ಗನ್ ಮತ್ತು ರಿಪೇರಿಯಾದ ಪೆಟ್ಟಿಗೆ

ನನ್ನ ಗೆಳೆಯರೊಬ್ಬರು ನನಗಾಗಿ ಒಂದು ಹಳೆಯ ಆಂಪ್ಲಿಫೈಯರನ್ನು ರಿಪೇರಿ ಮಾಡಿದರು. ರಿಪೇರಿಯಿಂದ ಅದರ ದನಿ ಸತ್ತುಹೋಯಿತು. ಎಂಟು ತಿಂಗಳು ನಾನು ಅವರಿಗೆ ಅದನ್ನು ಹೇಳಲಿಲ್ಲ. ಮುಖ್ಯ ಸಂಗತಿ ಮೊದಲ ಸಾಲುಗಳಲ್ಲೇ ಬರಬೇಕು ಎಂಬುದು ನಾನು ಕೆಲಸ ಕಲಿತ ಸುದ್ದಿಮನೆಯ ಕಟ್ಟಳೆ. ಹಾಗಾಗಿ ಮೊದಲೇ ಬರೆದಿದ್ದೇನೆ. ಉಳಿದದ್ದು ವಿವರ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಾಸಿಕದಲ್ಲಿದ್ದೆ, ಮುಂಬಯಿಯ ಒಂದು ಇಂಗ್ಲಿಷ್ ಪತ್ರಿಕೆಯ ಜಿಲ್ಲಾ ವರದಿಗಾರನಾಗಿ. ಕಚೇರಿ ಎಂದರೆ ರವಿವಾರ ಕಾರಂಜಾ ಎಂಬ ವೃತ್ತದ ಹತ್ತಿರ ಉಡುಪಿ ಕಡೆಯವರೊಬ್ಬರು ನಡೆಸುತ್ತಿದ್ದ ಹೋಟೆಲಿನ ಮಹಡಿ ಮೇಲಿನ ಒಂದು ಕೋಣೆ. ಮೇಜು, ಟೈಪ್‌ರೈಟರ್, ಮಂಚ ಎಲ್ಲ ಅದರಲ್ಲೇ. ಟೆಲಿಫೋನು ಕೆಳಗೆ ಗಲ್ಲಾ ಮೇಜಿನ ಮೇಲಿತ್ತು. ಸಂಜೆ ಆರಕ್ಕೆ ತಾರು ಕಚೇರಿಯಲ್ಲಿ ಅಂದಿನ ಸುದ್ದಿ ಕೊಟ್ಟು ಹೊರಬಂದ ಮೇಲೆ ನನ್ನ ಮಾತು ಮರುದಿನದವರೆಗೂ ಯಾರಿಗೂ ಬೇಕಾಗುತ್ತಿರಲಿಲ್ಲ. ಗೋದಾವರಿಯ ದಂಡೆಗೆ ಹೋಗಿ ಯಾತ್ರಿಕರನ್ನು ನೋಡುತ್ತ ನಿಂತಿದ್ದು, ಹಸಿವಾದಾಗ ಹಿಂದಿರುಗುತ್ತಿದ್ದೆ. ವಾರದಲ್ಲಿ ನಾನು ಆಡುತ್ತಿದ್ದ ಕನ್ನಡವೆಂದರೆ ಹೋಟೆಲಿನ ಮಾಲೀಕರ ಜೊತೆ ಆಡಿದ್ದಷ್ಟೇ. ಅದೂ ಸಾಂಬಾರು, ನೀರಿನ ನಲ್ಲಿ ಮತ್ತು ಟ್ರಂಕ್ ಕಾಲಿನ ಕುರಿತು.

ಒಂದು ಭಾನುವಾರ ಮಧ್ಯಾಹ್ನ ಮಾಲೀಕರು ಒಬ್ಬರನ್ನು ಮೇಲಕ್ಕೆ ಕರೆತಂದು, ಇವರು ನಿಮ್ಮ ಊರಿನವರು ಎಂದು ಪರಿಚಯಿಸಿದರು. ನಾನು ವಿಜಾಪುರ ಜಿಲ್ಲೆಯವನು, ಬಂದವರು ಗದಗಿನ ಕಡೆಯವರು. ಕರಾವಳಿಯವರಿಗೆ ಘಟ್ಟದ ಮೇಲೆಲ್ಲ ಒಂದೇ ಊರು. ಅವರು ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ರೇಡಿಯೋ ವಿಭಾಗದ ಎಂಜಿನಿಯರ್. ನನಗಿಂತ ಎರಡು ಮೂರು ವರ್ಷ ದೊಡ್ಡವರು, ಆಗಿನ್ನೂ ಮದುವೆಯಾಗಿರಲಿಲ್ಲ. ಭಾನುವಾರ ಎಸ್‌ಟಿ ಬಸ್ಸು ಹಿಡಿದು ದೋಸೆಗಾಗಿ ಬರುತ್ತಿದ್ದರು. ಅಂದು ಅವರ ಕೈಯಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಅದರ ಸೂಜಿಯನ್ನು ಬದಲಾಯಿಸಿದ್ದರು, ಪರೀಕ್ಷಿಸಲು ಪ್ಲಗ್ ಇರುವ ಜಾಗ ಬೇಕಿತ್ತು.

ಪರೀಕ್ಷೆಗೆಂದು ತಂದಿದ್ದ ರೆಕಾರ್ಡು ಮುಂಬಯಿಯ ಚೋರ್ ಬಜಾರಿನದು. ನಡುವಿನ ಕಾಗದವನ್ನು ಯಾರೋ ಕಿತ್ತುಹಾಕಿದ್ದರಿಂದ ಹಾಡಿದವರು ಯಾರು, ಬಾರಿಸಿದವರು ಯಾರು ಎಂದು ತಿಳಿಯುವ ಮಾರ್ಗವಿರಲಿಲ್ಲ. ಹಾಡು ಅಮೆರಿಕದ ಕರಿಯರ ಬ್ಲೂಸ್ ಎಂಬಷ್ಟು ಮಾತ್ರ ಅವರಿಗೆ ಗೊತ್ತಿತ್ತು. ಮೊದಲು ಒಬ್ಬ ಹಾಡಿದ. ಅವನು ಹಾಡು ನಿಲ್ಲಿಸಿದಲ್ಲಿ ಒಂದು ವಾದ್ಯ ಶುರುವಾಯಿತು. ಆ ದನಿ ದಪ್ಪವಾಗಿತ್ತು, ಹೊಸ ಹತ್ತಿಬಟ್ಟೆ ಹರಿದ ಹಾಗೆ ಅಂಚು ಒರಟಾಗಿತ್ತು, ಮಾತಿಗೂ ಅಳುವಿಗೂ ನಡುವೆ ಎಲ್ಲೋ ಇತ್ತು.

ಎಂಜಿನಿಯರು ಅದು ಸ್ಯಾಕ್ಸೋಫೋನ್ ಎಂದರು. ನಾನು ಅಲ್ಲ ಎಂದೆ. ಕಾಲೇಜಿನ ದಿನಗಳಿಂದ ನನ್ನ ಹತ್ತಿರ ಒಂದು ಮೌತ್ ಆರ್ಗನ್ ಇತ್ತು, ಸಿನಿಮಾ ಹಾಡುಗಳನ್ನು ತಕ್ಕಮಟ್ಟಿಗೆ ಬಾರಿಸುತ್ತಿದ್ದೆ. ರೆಕಾರ್ಡಿನಲ್ಲಿ ಸ್ವರದ ಕೊನೆಗೆ ಉಸಿರು ಒಳಗೆ ಹೋಗುವುದು ನನಗೆ ಕೇಳಿಸುತ್ತಿತ್ತು. ಸ್ಯಾಕ್ಸೋಫೋನನ್ನು ಯಾರೂ ಉಸಿರು ಒಳಗೆಳೆದು ನುಡಿಸುವುದಿಲ್ಲ.

“ಹಂಗಾದ್ರ ಬಾರಿಸಿ ತೋರಸ್ರಿ, ಪೇಪರ್‌ನವರ,” ಎಂದರು ಅವರು. “ಬಾಯಿಲೆ ಹೇಳಿದ್ರ ಅದು ಬರೇ ಸುದ್ದಿ.”

ಅದನ್ನು ಬಾರಿಸಿ ತೋರಿಸಲು ನನಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು.

ನನ್ನ ಮೊದಲ ತಪ್ಪು ವಾದ್ಯದ್ದೇ. ನಮ್ಮಲ್ಲಿ ಎಲ್ಲರ ಬಳಿಯೂ ಇದ್ದದ್ದು ಎರಡು ಸಾಲು ರಂಧ್ರಗಳ ಮೌತ್ ಆರ್ಗನ್. ಅದರಲ್ಲಿ ಪ್ರತಿ ಸ್ವರಕ್ಕೂ ಎರಡು ಹಿತ್ತಾಳೆಯ ರೀಡುಗಳಿದ್ದು, ಅವುಗಳ ಶ್ರುತಿ ಒಂದಕ್ಕೊಂದು ಕೂದಲೆಳೆಯಷ್ಟು ಬೇರೆ. ಹಾಗಾಗಿ ದನಿ ಸದಾ ಅಲುಗುತ್ತಿರುತ್ತದೆ. ಸಿನಿಮಾ ಹಾಡಿಗೆ ಚೆಂದ. ಆದರೆ ಸ್ವರವನ್ನು ಕೆಳಕ್ಕೆ ಜಾರಿಸಲು ಹೋದರೆ ಎರಡು ರೀಡುಗಳೂ ಒಟ್ಟಿಗೆ ಬಗ್ಗುವುದಿಲ್ಲ. ಮೂರು ತಿಂಗಳು ತುಟಿ ಹರಿದುಕೊಂಡ ಮೇಲೆ ಇದು ತಿಳಿಯಿತು. ಪತ್ರಿಕೆಯ ಕೆಲಸಕ್ಕೆ ಮುಂಬಯಿಗೆ ಹೋದಾಗ ಧೋಬಿ ತಲಾವಿನ ವಾದ್ಯದಂಗಡಿಯಲ್ಲಿ ಹತ್ತು ರಂಧ್ರಗಳ, ಒಂಟಿ ರೀಡಿನ, ಬೆರಳುದ್ದದ ಒಂದನ್ನು ಕೊಂಡೆ. ಅಂಗಡಿಯವನು ಅದನ್ನು ಮಕ್ಕಳ ಆಟಿಕೆಗಳ ಜೊತೆ ಇಟ್ಟಿದ್ದ.

ಎರಡನೆಯ ತಪ್ಪು ಊದಿದ್ದು. ನಾವು ಮೌತ್ ಆರ್ಗನನ್ನು ಊದುವ ವಾದ್ಯ ಎಂದುಕೊಂಡಿದ್ದೇವೆ, ಎಳೆಯುವುದು ನಡುನಡುವೆ ಮಾತ್ರ ಎಂದು. ರೆಕಾರ್ಡಿನವನ ಜೊತೆಗೆ ಬಾರಿಸಲು ಹೋದರೆ ನನ್ನ ಸರಿಗಮ ಎಲ್ಲೂ ಕೂಡುತ್ತಿರಲಿಲ್ಲ. ವಿಷಯ ಬಗೆಹರಿದದ್ದು ಗೋದಾವರಿಯ ಆಚೆ ದಂಡೆಯ ಪಂಚವಟಿಯಲ್ಲಿ, ಒಂದು ಭಜನೆಯ ಹೊತ್ತಿನಲ್ಲಿ. ಹಾಡುವವರು ಬದಲಾದಾಗ ಹಾರ್ಮೋನಿಯಂ ಬಾರಿಸುತ್ತಿದ್ದ ಮುದುಕರು ಷಡ್ಜವನ್ನು ಮೇಲಕ್ಕೊಯ್ದು ಪಂಚಮದ ಮನೆಯಲ್ಲಿ ಕೂರಿಸಿ ಮುಂದುವರಿಸಿದರು. ಧಾರವಾಡದಲ್ಲಿ ಓದುವಾಗ ಇದನ್ನು ನೂರು ಸಲ ನೋಡಿದ್ದೆ. ಕೋಣೆಗೆ ಬಂದು ಎರಡನೆಯ ರಂಧ್ರದಲ್ಲಿ ಉಸಿರನ್ನು ಒಳಗೆಳೆದು, ಆ ಪಂಚಮವನ್ನೇ ಷಡ್ಜವೆಂದು ಹಿಡಿದೆ. ಕೋಮಲ ನಿಷಾದ ತಾನಾಗಿಯೇ ಸಿಕ್ಕಿತು. ರೆಕಾರ್ಡಿನವನೂ ಅಲ್ಲೇ ಕುಳಿತಿದ್ದ. ಅವನು ಊದುತ್ತಿರಲಿಲ್ಲ, ಎಳೆಯುತ್ತಿದ್ದ.

ಉಳಿದದ್ದು ಗಂಧಾರ. ಮೂರನೆಯ ರಂಧ್ರದಲ್ಲಿ ಎಳೆದರೆ ಶುದ್ಧ ಗಂಧಾರ ಬರುತ್ತದೆ. ಅವನು ಅದನ್ನು ಶುದ್ಧಕ್ಕೂ ಕೋಮಲಕ್ಕೂ ನಡುವೆ ಹಿಡಿದು ನಿಲ್ಲಿಸುತ್ತಿದ್ದ. ಜೋರಾಗಿ ಎಳೆದರೆ ಬಗ್ಗುತ್ತದೆ ಎಂದು ನಾನು ಎಳೆದೂ ಎಳೆದೂ ಪಕ್ಕದ ನಾಲ್ಕನೆಯ ರಂಧ್ರದ ರೀಡನ್ನು ಮುರಿದುಹಾಕಿದೆ. ಮತ್ತೆ ಮುಂಬಯಿಗೆ ಹೋಗುವ ಕೆಲಸ ಬರುವವರೆಗೆ ಮುರಿದದ್ದನ್ನೇ ಬಾರಿಸಿದೆ. ಸ್ವರ ಬಗ್ಗುವುದು ಬಲದಿಂದಲ್ಲ. ಉಸಿರು ಅಷ್ಟೇ ಇರಬೇಕು, ಬಾಯೊಳಗಿನ ಜಾಗ ಬದಲಾಗಬೇಕು. ನಾಲಗೆ ‘ಈ’ ಎನ್ನುವ ಜಾಗದಿಂದ ‘ಊ’ ಎನ್ನುವ ಜಾಗಕ್ಕೆ ಹಿಂದೆ ಸರಿದರೆ ಸ್ವರ ಇಳಿಯುತ್ತದೆ. ಬರೆಯಲು ಒಂದು ಸಾಲು, ಕಲಿಯಲು ಒಂದು ಮಳೆಗಾಲ. ಇನ್ನೊಂದು ಸಂಗತಿ: ಎಳೆಯುತ್ತಲೇ ಇದ್ದರೆ ಎದೆ ತುಂಬಿ ಉಸಿರು ಕಟ್ಟುತ್ತದೆ. ಸಂದು ಸಿಕ್ಕಲ್ಲಿ ಮೂಗಿನಿಂದ ಹೊರಬಿಡುತ್ತಿರಬೇಕು. ಬಾರಿಸಿ ಮುಗಿಸಿದಾಗ ಎಷ್ಟೋ ಹೊತ್ತು ಏನನ್ನೋ ಹೇಳಲು ಉಸಿರು ತೆಗೆದುಕೊಂಡು ಹೇಳದೆ ನಿಂತವನ ಹಾಗೆ ಇರುತ್ತಿದ್ದೆ.

ಈ ಒಂದೂವರೆ ವರ್ಷದ ಭಾನುವಾರಗಳಲ್ಲಿ ಎಂಜಿನಿಯರು ಬರುತ್ತಲೇ ಇದ್ದರು. ಅವರದು ಹವಾಯಿಯನ್ ಗಿಟಾರು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ಬಾರಿಸುವುದು. ಕಾರ್ಖಾನೆಯ ಕಾಲೋನಿಯ ಸಮಾರಂಭಗಳಲ್ಲಿ ಸಿನಿಮಾ ಹಾಡು ಬಾರಿಸುತ್ತಿದ್ದರು. ನನ್ನ ಗಂಧಾರ ಇಳಿಯಲು ಶುರುವಾದ ಮೇಲೆ ಅವರ ತಂತಿಯೂ ಅದರ ಬೆನ್ನಿಗೇ ಇಳಿಯತೊಡಗಿತು. ಮಧ್ಯಾಹ್ನ ಮೂರರಿಂದ ಐದು ಹೋಟೆಲು ಹೆಚ್ಚುಕಡಿಮೆ ಖಾಲಿ ಇರುವ ಹೊತ್ತು. ಮಹಡಿಯಲ್ಲಿ ಅಕ್ಕಿ ಮೂಟೆಗಳಿದ್ದ ಪಕ್ಕದ ಕೋಣೆಯನ್ನು ಮಾಲೀಕರು ನಮಗೆ ಬಿಟ್ಟುಕೊಟ್ಟರು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ಮನೆಯಲ್ಲಿ ಯಾರಿದ್ದಾರೆ ಎಂಬುದೂ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಪೆಟ್ಟಿಗೆಯನ್ನು ತಂದವರೂ ಅವರೇ. ಗಣಪತಿ ಮಂಟಪಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ, ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರು ಅದು. ಮರದ ಪೆಟ್ಟಿಗೆ, ಒಳಗೇ ಸ್ಪೀಕರು. ವಾಲ್ವ್‌ಗಳು ಹಳೆಯವು, ಒಂದು ಕಂಡೆನ್ಸರಿನಿಂದ ಕರೆಂಟು ಸೋರುತ್ತಿತ್ತು, ಸ್ಪೀಕರಿನ ಕಾಗದದಲ್ಲಿ ಬೆರಳಗಲ ಹರಿದಿತ್ತು. ಇವನ್ನೆಲ್ಲ ಅವರು ಮೊದಲ ದಿನವೇ ಬೆರಳು ಮಡಚಿ ಎಣಿಸಿ ಹೇಳಿದರು. ಜೊತೆಗೆ ಜಾಲರಿ ಮುಖದ, ಮುಷ್ಟಿ ಗಾತ್ರದ ಒಂದು ಹಳೆಯ ಮೈಕು.

ಮೈಕನ್ನು ಎದುರಿಗಿಟ್ಟು ಬಾರಿಸಿದರೆ ದನಿ ಜೋರಾಯಿತು, ಅಷ್ಟೇ. ತೆಳ್ಳಗಿತ್ತು. ರೆಕಾರ್ಡಿನವನ ಹತ್ತಿರವೂ ಇರಲಿಲ್ಲ. ಎಷ್ಟೋ ವಾರಗಳ ಮೇಲೆ ಮೈಕಿಗೆ ಸ್ಟ್ಯಾಂಡು ಇಲ್ಲದ ಒಂದು ದಿನ ನಾನು ಅದನ್ನು ಕೈಯಲ್ಲೇ ಹಿಡಿದು, ಅದರ ಮುಖಕ್ಕೆ ಮೌತ್ ಆರ್ಗನನ್ನು ಒತ್ತಿ, ಎರಡೂ ಅಂಗೈಗಳಿಂದ ಸುತ್ತ ಮುಚ್ಚಿದೆ. ಗಾಳಿ ಹೊರಗೆ ಹೋಗಲು ಸಂದಿಲ್ಲದ ಹಾಗೆ. ಎಳೆದೆ. ಅಕ್ಕಿ ಮೂಟೆಗಳ ನಡುವಿನಿಂದ ಆ ದನಿ ಬಂತು. ದಪ್ಪ, ಅಂಚು ಹರಿದದ್ದು. ಮೆಲ್ಲಗೆ ಎಳೆದರೆ ಗೊಣಗುತ್ತಿತ್ತು, ಒತ್ತಿ ಎಳೆದರೆ ಹರಿಯುತ್ತಿತ್ತು. ಕಿರುಬೆರಳ ಕಡೆ ಒಂದಿಷ್ಟು ಸಂದು ಬಿಟ್ಟು ಮುಚ್ಚಿದರೆ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತಿತ್ತು. ಪೆಟ್ಟಿಗೆಯ ಮುಖ ನಮ್ಮ ಕಡೆಗಿದ್ದರೆ ಸೀಟಿ ಹೊಡೆಯುತ್ತದೆ ಎಂದು ಅದನ್ನು ಗೋಡೆಗೆ ತಿರುಗಿಸಿದೆವು.

ಎಂಜಿನಿಯರು ಗಿಟಾರು ನಿಲ್ಲಿಸಿ, “ನೀವು ಗೆದ್ರಿ,” ಎಂದರು. ಸ್ಯಾಕ್ಸೋಫೋನಿನ ಪಂದ್ಯ ನನಗೆ ಮರೆತೇ ಹೋಗಿತ್ತು.

ಕೆಳಗಿನಿಂದ ಮಾಲೀಕರು ಹತ್ತಿ ಬಂದರು. “ಎಂತ ಮಾರಾಯ್ರೆ, ಮೇಲೆ ಎಮ್ಮೆ ಕಟ್ಟಿದ್ದೀರಾ ಅಂತ ಗಿರಾಕಿಗಳು ಕೇಳ್ತಿದ್ದಾರೆ.” ಹಾಗೆಂದವರು ಕೆಳಗಿಳಿದು ಎರಡು ಚಹಾ ಕಳಿಸಿದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾಲ್ಕಕ್ಕೆ ಚಹಾ ಬರುತ್ತಿತ್ತು, ಎಮ್ಮೆಯ ಮಾತೂ ಬರುತ್ತಿತ್ತು.

ಒಂದು ವಿಷಯವನ್ನು ನಾನು ಆಗಲೇ ಗಮನಿಸಿದ್ದೆ. ದನಿ ಹರಿದಾಗಲೆಲ್ಲ ಎಂಜಿನಿಯರ ಹುಬ್ಬು ಕೂಡುತ್ತಿತ್ತು. ಪೈಲಟ್‌ನ ಕಿವಿಯಲ್ಲಿ ಮಾತು ಸ್ವಲ್ಪ ಒಡೆದರೂ ಅದು ಅವರ ವಿಭಾಗಕ್ಕೆ ದೋಷ. ಹಗಲೆಲ್ಲ ಅವರು ಮಾಡುತ್ತಿದ್ದದ್ದು ಅದನ್ನು ತೆಗೆಯುವ ಕೆಲಸ. ಇಲ್ಲಿ ಅದೇ ದೋಷದ ಜೊತೆ ಕುಳಿತು ಗಿಟಾರು ಬಾರಿಸಬೇಕಿತ್ತು. ಈ ಪೆಟ್ಟಿಗೆಯನ್ನು ಒಂದು ದಿನ ಸರಿ ಮಾಡಿಕೊಡುತ್ತೇನೆ ಎಂದು ಎರಡು ಮೂರು ಸಲ ಅಂದಿದ್ದರು. ನಾನು ನಕ್ಕಿದ್ದೆ. ಬೇಡ ಎಂದಿರಲಿಲ್ಲ. ಆ ದನಿ ನಮಗಿಬ್ಬರಿಗೂ ಒಂದೇ ಕಾರಣಕ್ಕೆ ಇಷ್ಟ ಎಂದುಕೊಂಡಿದ್ದೆ. ಅವರಿಗೆ ಇಷ್ಟವಾಗಿದ್ದದ್ದು ನನ್ನ ಬಾರಿಸುವಿಕೆ. ಪೆಟ್ಟಿಗೆಯ ಬಗ್ಗೆ ಅವರಿಗೆ ಮರುಕವಿತ್ತು.

ಆ ವರ್ಷ ಪತ್ರಿಕೆ ನನ್ನನ್ನು ಔರಂಗಾಬಾದಿಗೆ ವರ್ಗ ಮಾಡಿತು. ಇಂದಿನ ಛತ್ರಪತಿ ಸಂಭಾಜಿನಗರ. ಪೈಠಣದ ಬಳಿ ಜಾಯಕವಾಡಿ ಅಣೆಕಟ್ಟು ಏಳುತ್ತಿತ್ತು, ಅದರ ಸುದ್ದಿಗೆ ಅಲ್ಲೇ ಒಬ್ಬ ಬೇಕಿತ್ತು. ಹೊರಡಲು ಎರಡು ವಾರವಿರುವಾಗ ಎಂಜಿನಿಯರು ಪೆಟ್ಟಿಗೆಯನ್ನು ಓಝರ್‌ಗೆ ಒಯ್ದರು. ಪ್ರಯಾಣಕ್ಕೆ ಗಟ್ಟಿಯಾಗಿ ಕಟ್ಟಿಕೊಡುತ್ತೇನೆ ಎಂದಷ್ಟೇ ಹೇಳಿದ್ದರು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ತಂದರು. ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಯೊಳಗೆ ಹುಲ್ಲು ಹಾಸಿ, ಅದರಲ್ಲಿ ಆಂಪ್ಲಿಫೈಯರನ್ನು ಇಟ್ಟಿದ್ದರು. ಅದರ ಹಿಡಿಕೆಗೆ ಕಾರ್ಖಾನೆಯಲ್ಲಿ ಕಟ್ಟುವಂಥ ರಟ್ಟಿನ ಚೀಟಿ. ಏನೇನು ಬದಲಾಯಿಸಿದ್ದು, ಯಾವ ದಿನ ಪರೀಕ್ಷಿಸಿದ್ದು ಎಲ್ಲ ಬರೆದು ಕೆಳಗೆ ಸಹಿ ಮಾಡಿದ್ದರು. ವಾಲ್ವ್ ಎಲ್ಲ ಹೊಸವು, ಕಂಡೆನ್ಸರ್ ಹೊಸದು, ಸ್ಪೀಕರ್ ಹೊಸದು. ಹದಿಮೂರು ಸಂಜೆಗಳ ಕೆಲಸವಂತೆ.

“ಇನ್ನ ಇಪ್ಪತ್ತು ವರ್ಷ ನೋಡೂದ ಬ್ಯಾಡ್ರಿ,” ಎಂದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿರಲಿಲ್ಲ. ಬಸ್ಸು ಹೊರಟಿತು.

ಔರಂಗಾಬಾದಿನಲ್ಲಿ ಪೈಠಣ್ ಗೇಟಿನ ಹತ್ತಿರ ಒಂದು ಕೋಣೆ ಸಿಕ್ಕಿತು. ಅಂದೇ ಪೆಟ್ಟಿಗೆ ಬಿಚ್ಚಿ, ಮೈಕು ಹಿಡಿದು, ಕೈ ಮುಚ್ಚಿ ಎಳೆದೆ. ದನಿ ತಿಳಿಯಾಗಿತ್ತು. ಎಷ್ಟು ಒತ್ತಿದರೂ ಹರಿಯಲಿಲ್ಲ. ಆಕಾಶವಾಣಿಯಲ್ಲಿ ಯಾರೋ ಮೌತ್ ಆರ್ಗನ್ ಬಾರಿಸಿದ ಹಾಗೆ ಕೇಳಿಸಿತು. ಮೈಕಿನ ವಯರು ನೋಡಿದೆ, ಪೆಟ್ಟಿಗೆಯ ಜಾಗ ಬದಲಾಯಿಸಿದೆ, ಗುಂಡಿಗಳನ್ನೆಲ್ಲ ತಿರುವಿದೆ. ಪೆಟ್ಟಿಗೆಯಲ್ಲಿ ಈಗ ಯಾವ ದೋಷವೂ ಇರಲಿಲ್ಲ.

ತಲುಪಿದ ಸುದ್ದಿಗೆ ಪತ್ರ ಬರೆಯಬೇಕಿತ್ತು. ಬರೆದೆ: ದನಿ ತುಂಬ ಸ್ವಚ್ಛವಾಗಿ ಬರುತ್ತಿದೆ. ವಾಕ್ಯದಲ್ಲಿ ಸುಳ್ಳಿರಲಿಲ್ಲ. ಇಂಥ ವಾಕ್ಯಗಳನ್ನು ನಾನು ಚೆನ್ನಾಗಿ ಬಲ್ಲೆ. ಕಚೇರಿಗಳಲ್ಲಿ ನಮಗೆ ಕೊಡುತ್ತಿದ್ದದ್ದು ಇಂಥವನ್ನೇ, ನಮ್ಮ ಕೆಲಸ ಅವುಗಳ ಹಿಂದೆ ಏನಿದೆ ಎಂದು ಕೇಳುವುದು. ಅವರು ಕೇಳಲಿಲ್ಲ. ನಂಬಿದರು. ನನಗೆ ಎರಡು ಆಸೆಗಳಿದ್ದವು: ಆ ದನಿ ಹಿಂದಿರುಗಬೇಕು, ಅವರ ಮನಸ್ಸು ನೋಯಬಾರದು. ಒಂದನ್ನು ಕೇಳಿದರೆ ಇನ್ನೊಂದು ಹೋಗುತ್ತಿತ್ತು.

ಮೂರನೆಯ ಪತ್ರದಲ್ಲಿ ಬೇರೆ ಮಾತುಗಳ ನಡುವೆ, ಹಳೆಯ ವಾಲ್ವ್‌ಗಳು ಮತ್ತು ಸ್ಪೀಕರು ನಿಮ್ಮಲ್ಲಿವೆಯೇ, ಆಪತ್ಕಾಲಕ್ಕೆ ಇರಲಿ ಎಂದು ಕೇಳಿದೆ. ಉತ್ತರ ಬಂತು. ತೆಗೆದ ಭಾಗಗಳನ್ನು ಸುತ್ತಿಗೆಯಿಂದ ಒಡೆದು ಹಾಕಿದ್ದರು. ಕಾರ್ಖಾನೆಯಲ್ಲಿ ಅದೇ ಪದ್ಧತಿಯಂತೆ. ನಿರುಪಯುಕ್ತವೆಂದು ತೆಗೆದದ್ದನ್ನು ಹಾಗೇ ಬಿಟ್ಟರೆ ಯಾರಾದರೂ ಮರೆತು ಇನ್ನೊಂದು ವಿಮಾನಕ್ಕೆ ಹಾಕಿಬಿಡಬಹುದು. ಅದಕ್ಕೆ, ಅಲ್ಲಿ ಪ್ರತಿಯೊಂದನ್ನೂ ಮತ್ತೆ ಬಳಸಲು ಬರದ ಹಾಗೆ ಒಡೆದ ಮೇಲೆಯೇ ಚೀಟಿಗೆ ಸಹಿ. ಮನೆಯ ಕೆಲಸದಲ್ಲೂ ಅವರ ಕೈ ಹಾಗೇ ಓಡಿತ್ತು. ‘ನಿಶ್ಚಿಂತೆಯಿಂದಿರಿ’ ಎಂದು ಬರೆದಿದ್ದರು.

ಆ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ವಾರಕ್ಕೆರಡು ಸಲ ಅಣೆಕಟ್ಟಿಗೆ ಹೋಗುತ್ತಿದ್ದೆ. ಮುಳುಗಲಿರುವ ಹಳ್ಳಿಗಳ ಜನ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ, ಬಂದು ಸುದ್ದಿ ಕಳಿಸುತ್ತಿದ್ದೆ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ದಿನ ಕಳೆಯುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಲ್ಲೂಕಿನ ಊರಿಗೆ ಹೋಗುವ ಬಸ್ಸಿನ ಫಲಕದ ಮೇಲೆ ‘ಕನ್ನಡ’ ಎಂದೇ ಇರುತ್ತಿತ್ತು. ಊರಿನ ಹೆಸರು ಅದು. ಒಮ್ಮೆ ಕೆಲಸವಿಲ್ಲದೆ ಅದರಲ್ಲಿ ಹತ್ತಿ ಹೋದೆ. ಸಂತೆ, ಹತ್ತಿ ಗಾಡಿಗಳು, ಮರಾಠಿ ಮಾತು. ಒಂದು ಚಹಾ ಕುಡಿದು ಅದೇ ಬಸ್ಸಿಗೆ ಹಿಂದಿರುಗಿದೆ.

ಕಳೆದ ದನಿಯನ್ನು ಹುಡುಕುವುದನ್ನು ಬಿಟ್ಟಿರಲಿಲ್ಲ. ಗುಲ್ಮಂಡಿ ಪೇಟೆಯ ಎರಡು ಲೌಡ್‌ಸ್ಪೀಕರ್ ಅಂಗಡಿಗಳಲ್ಲಿ ಕೆಟ್ಟ ವಾಲ್ವ್ ಇದೆಯೇ ಎಂದು ಕೇಳಿದೆ. ಕೆಟ್ಟದ್ದನ್ನೇ ಕೇಳಿ ಬಂದ ಗಿರಾಕಿಯನ್ನು ಅವರು ಅನುಮಾನದಿಂದ ನೋಡಿದರು. ಕೊಟ್ಟವುಗಳಲ್ಲಿ ಒಂದು ಪೂರಾ ಸತ್ತಿತ್ತು, ಒಂದು ಬರೀ ಗುಂಯ್‌ಗುಟ್ಟಿತು. ಹೊಸ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಬೆರಳಗಲ ಸೀಳಿದರೆ ಹೇಗೆ ಎಂದು ಒಂದು ಮಧ್ಯಾಹ್ನ ಬ್ಲೇಡು ಹಿಡಿದು ಕುಳಿತೆ. ಹಿಡಿಕೆಯಲ್ಲಿ ಅವರ ಸಹಿಯಿದ್ದ ಚೀಟಿ ಇನ್ನೂ ನೇತಾಡುತ್ತಿತ್ತು. ಬ್ಲೇಡನ್ನು ಕ್ಷೌರದ ಡಬ್ಬಿಯಲ್ಲಿ ಹಾಕಿದೆ.

ಬೇರೆ ದಾರಿ ಕಾಣದೆ ಅಭ್ಯಾಸ ಮಾಡಿದೆ. ಹರಿಯುವ ಪೆಟ್ಟಿಗೆ ಎಷ್ಟೋ ತಪ್ಪುಗಳನ್ನು ತನ್ನ ಹರಕಿನಲ್ಲಿ ಮುಚ್ಚುತ್ತಿತ್ತು. ಈ ಪೆಟ್ಟಿಗೆ ಒಂದನ್ನೂ ಮುಚ್ಚುತ್ತಿರಲಿಲ್ಲ. ಪಕ್ಕದ ರಂಧ್ರದ ಸ್ವರ ತಾಗಿದರೆ ಕೇಳುತ್ತಿತ್ತು, ಗಂಧಾರ ಇಳಿಯುವಾಗ ತಡವರಿಸಿದರೆ ಕೇಳುತ್ತಿತ್ತು, ಮೂಗಿನಿಂದ ಬಿಟ್ಟ ಉಸಿರೂ ಕೇಳುತ್ತಿತ್ತು. ಒಂದೊಂದನ್ನೇ ತಿದ್ದಿದೆ. ಉಸಿರನ್ನು ಗಂಟಲಿನಿಂದಲ್ಲ, ಹೊಟ್ಟೆಯಿಂದ ಎಳೆಯುವುದನ್ನು ಕಲಿತದ್ದು ಆಗ. ಸ್ವರ ನಡುಗಬೇಕಾದರೆ ನಡುಕ ಅಲ್ಲಿಂದ ಬರಬೇಕು. ಕೇಳುವವರು ಯಾರೂ ಇರಲಿಲ್ಲ. ತಿದ್ದುಪಡಿ ಯಾರಿಗಾಗಿ ಎಂದು ಕೇಳಿಕೊಂಡಾಗ ಉತ್ತರ ಪ್ರತಿಸಲವೂ ಓಝರ್ ಕಡೆಗೇ ಹೋಗುತ್ತಿತ್ತು.

ಎಂಟನೆಯ ತಿಂಗಳು ಅವರ ಪತ್ರ ಬಂತು. ಎರಡು ದಿನ ರಜೆಯಿದೆ, ಶನಿವಾರ ಗಿಟಾರು ಹಿಡಿದು ಬರುತ್ತೇನೆ, ಪೆಟ್ಟಿಗೆ ಹೇಗೆ ನುಡಿಯುತ್ತದೆ ಕೇಳಬೇಕು. ನಾನು ಕೆಲವು ಸುಳ್ಳುಗಳನ್ನು ಸಿದ್ಧ ಮಾಡಿದೆ. ಮೈಕು ಕೆಟ್ಟಿದೆ ಎನ್ನಬಹುದು. ಈ ಬೀದಿಯಲ್ಲಿ ಮಧ್ಯಾಹ್ನ ಕರೆಂಟು ಇರುವುದಿಲ್ಲ ಎನ್ನಬಹುದು. ಶನಿವಾರ ಅವರು ಬಸ್ಸಿನಿಂದ ಇಳಿದು ದೂರದಿಂದಲೇ ಗಿಟಾರಿನ ಚೀಲ ಎತ್ತಿ ತೋರಿಸಿದಾಗ ಅವು ಯಾವುವೂ ಬಾಯಿಗೆ ಬರಲಿಲ್ಲ. ನಾಸಿಕದ ಮಾಲೀಕರು ಅವರ ಕೈಯಲ್ಲಿ ಚಕ್ಕುಲಿ ಕಳಿಸಿದ್ದರು, ಎಮ್ಮೆಯನ್ನು ವಿಚಾರಿಸಿದ್ದರು.

ಊಟವಾದ ಮೇಲೆ ಪೆಟ್ಟಿಗೆ ಹಚ್ಚಿದೆವು. ಅವರು ಗಿಟಾರು ತೊಡೆಗಿಟ್ಟುಕೊಂಡರು. ನಾನು ಶುರು ಮಾಡಿದೆ. ಎರಡು ಸುತ್ತು ಬಾರಿಸಿರಬೇಕು. ಅವರ ಕೈಯ ಉಕ್ಕಿನ ತುಂಡು ತಂತಿಯ ಮೇಲೆ ನಿಂತೇ ಇತ್ತು. ಮೂರನೆಯ ಸುತ್ತಿಗೆ ಅದನ್ನು ಕೆಳಗಿಟ್ಟರು.

“ಮೈಕ್ ಅದ ಏನ್ರಿ, ಹಳೇದು?”

ಅದೇ ಎಂದೆ.

“ಕೈ ಪೂರ್ತಿ ಮುಚ್ಚೀರಿ?”

ಮುಚ್ಚಿದ ಕೈಗಳನ್ನು ತೋರಿಸಿದೆ. ಅವರು ಎದ್ದು ಪೆಟ್ಟಿಗೆಯನ್ನು ಗೋಡೆಗೆ ತಿರುಗಿಸಿ ಮತ್ತೆ ಬಾರಿಸಲು ಹೇಳಿದರು. ಬೇರೆ ಪ್ಲಗ್ಗಿಗೆ ಹಾಕಿ ನೋಡಿದರು. ದೋಷ ಹುಡುಕುವುದು ಅವರ ದಿನನಿತ್ಯದ ಕೆಲಸ. ಒಂದೊಂದೇ ಕಾರಣವನ್ನು ಇದಲ್ಲ ಎಂದು ತೆಗೆದುಹಾಕುತ್ತ ಹೋಗುವುದು, ಕೊನೆಗೆ ಉಳಿದದ್ದು ಕಾರಣ. ಕೊನೆಗೆ ಅವರ ಕೈ ಹಿಡಿಕೆಯ ಚೀಟಿಗೆ ಬಂತು. ತಮ್ಮ ಅಕ್ಷರಗಳನ್ನೇ ಮೇಲಿನಿಂದ ಕೆಳಗೆ ಓದಿದರು.

“ಯಾವಾಗಿಂದ ಹಿಂಗೈತಿ?”

“ನೀವು ಕೊಟ್ಟ ದಿನದಿಂದ.”

ಅವರು ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಎಂಟು ಪತ್ರ ಬರ್ದೀರಿ. ಒಂದರಾಗೂ ಇಲ್ಲ.”

“ಸ್ವಚ್ಛ ಐತಿ ಅಂತ ಬರ್ದಿದ್ದೆ.”

“ಸ್ವಚ್ಛ ಐತಿ ಅಂದ್ರ ಚಲೋ ಐತಿ ಅಂತ ತಿಳ್ಕೊಂಡೆ. ನಮ್ಮ ಕಡೆ ಎರಡೂ ಒಂದ.”

ನಾನು, ನಿಮಗೆ ಬೇಸರವಾಗಬಾರದೆಂದು ಹೇಳಲಿಲ್ಲ ಎಂದೆ. ಹದಿಮೂರು ಸಂಜೆಗಳ ಕೆಲಸ ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

“ವಿಮಾನ ಇಳಿಸಿದ ಕೂಡ್ಲೆ ಪೈಲಟ್ ಮಾಡೂದು ಒಂದ ಕೆಲಸರಿ. ಪುಸ್ತಕದಾಗ ದೋಷ ಬರೀತಾನ. ಮೆಕ್ಯಾನಿಕ್‌ಗ ಬ್ಯಾಸರ ಆಗ್ತೈತಿ ಅಂತ ಬಿಟ್ರ, ನಾಳೆ ಅದರಾಗ ಇನ್ನೊಬ್ಬ ಹಾರ್ತಾನ.” ಪೆಟ್ಟಿಗೆಯ ಕಡೆ ನೋಡಿ ಹೇಳಿದರು: “ಬ್ಯಾಸರ ಆಗ್ತಿತ್ತು, ಖರೆ. ಒಂದು ವಾರ ಆಗ್ತಿತ್ತು.”

ಪೆಟ್ಟಿಗೆಯ ಪ್ಲಗ್ಗನ್ನು ಅವರೇ ತೆಗೆದರು. ಚೀಟಿಯನ್ನು ಬಿಚ್ಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ, ಹಾಗೇ ಬಾರಿಸಿ ಎಂದರು. ಪೆಟ್ಟಿಗೆಯಿಲ್ಲದೆ, ಬರಿಗೈಯಲ್ಲಿ ಹಿಡಿದು ಬಾರಿಸಿದೆ. ಅವರೂ ಕೂಡಿಕೊಂಡರು, ಮೆಲ್ಲಗೆ, ನನಗಿಂತ ಅರ್ಧ ಹೆಜ್ಜೆ ಹಿಂದೆ. ಮೂರನೆಯ ರಂಧ್ರದ ಗಂಧಾರ ಇಳಿದು ನಿಂತಲ್ಲಿ ಅವರ ತಂತಿಯೂ ಬಂದು ನಿಂತಿತು. ಮುಗಿದ ಮೇಲೆ, ಗಂಧಾರ ಈಗ ಕುಳಿತಿದೆ, ನಾಸಿಕದಲ್ಲಿ ಹೀಗಿರಲಿಲ್ಲ ಎಂದರು. ಅದು ಅವರ ಪೆಟ್ಟಿಗೆಯಿಂದಲೇ ಕುಳಿತದ್ದು. ಒಂದೂ ದೋಷವಿಲ್ಲದ ಆ ಪೆಟ್ಟಿಗೆ ಎಂಟು ತಿಂಗಳು ನನ್ನ ದೋಷಗಳನ್ನು ನನಗೇ ಓದಿ ಹೇಳುತ್ತಿತ್ತು. ಇದನ್ನು ಅಂದೇ ಅವರಿಗೆ ಹೇಳಬೇಕಿತ್ತು. ಸಮಾಧಾನದ ಮಾತು ಎಂದುಕೊಂಡಾರು ಎಂದು ಹೇಳಲಿಲ್ಲ. ಅದೇ ತಪ್ಪನ್ನು ಅದೇ ಮಧ್ಯಾಹ್ನ ಎರಡನೆಯ ಸಲ ಮಾಡಿದೆ.

ಭಾನುವಾರದ ಕೊನೆಯ ಬಸ್ಸಿಗೆ ಹೋಗಬೇಕಿದ್ದವರು ಬೆಳಗಿನ ಬಸ್ಸಿಗೇ ಹೋದರು. ಕಾರ್ಖಾನೆಯಲ್ಲಿ ಕೆಲಸವಿದೆ ಎಂದರು. ಇರಲೂಬಹುದು, ನಾನು ವಿಚಾರಿಸಿಲ್ಲ.

ಆಮೇಲೆ ಎರಡು ತಿಂಗಳು ಪತ್ರವಿಲ್ಲ. ಕ್ಷಮೆ ಕೇಳಿ ಬರೆಯಲು ನಾಲ್ಕು ಸಲ ಕಾಗದ ಹಿಡಿದು ಕುಳಿತೆ. ನಾಲ್ಕು ಸಲವೂ ವಾಕ್ಯಗಳು ಚೆನ್ನಾಗಿ ಬಂದವು, ಹಾಗಾಗಿ ಹರಿದುಹಾಕಿದೆ. ಐದನೆಯ ಸಲ ಕಾಗದವನ್ನು ಉದ್ದಕ್ಕೆ ಎರಡು ಭಾಗ ಮಾಡಿ ಗೆರೆ ಎಳೆದೆ. ಎಡಕ್ಕೆ ದೋಷ, ಬಲಕ್ಕೆ ಕೈಗೊಂಡ ಕ್ರಮ, ಅದು ಅವರು ತುಂಬಲು. ಪುಸ್ತಕದಲ್ಲಿ ಪೈಲಟ್ ಬರೆಯುವಷ್ಟೇ ಚುಟುಕಾಗಿ ಬರೆದೆ. ಒಂದು: ಒತ್ತಿ ಎಳೆದರೂ ದನಿ ಹರಿಯುವುದಿಲ್ಲ, ರಿಪೇರಿಯಾದ ದಿನದಿಂದ. ಎರಡು: ಇದನ್ನು ಎಂಟು ತಿಂಗಳು ವರದಿ ಮಾಡಿರುವುದಿಲ್ಲ. ಮೂರು: ಬಾರಿಸುವವನ ತಪ್ಪುಗಳೆಲ್ಲ ಈಗ ಸ್ಪಷ್ಟವಾಗಿ ಕೇಳುತ್ತವೆ, ಗಂಧಾರ ಅದರಿಂದಲೇ ಸರಿಯಾಗಿದೆ, ಇದನ್ನೂ ಆಗಲೇ ಹೇಳಿರುವುದಿಲ್ಲ. ನಾಲ್ಕು: ಜೊತೆಗೆ ಗಿಟಾರು ಇಲ್ಲ.

ಹತ್ತು ದಿನಗಳ ಮೇಲೆ ಅದೇ ಕಾಗದ ಲಕೋಟೆಯಲ್ಲಿ ಹಿಂದಿರುಗಿತು. ಬೇರೆ ಪತ್ರವಿರಲಿಲ್ಲ. ಬಲಗಡೆ ಚೀಟಿಯ ಮೇಲೆ ಬರೆಯುತ್ತಿದ್ದ ಅದೇ ಸಣ್ಣ ಅಕ್ಷರ. ಒಂದರ ಎದುರಿಗೆ: ಹಳೆಯ ಭಾಗ ನಾಶವಾಗಿದೆ, ಸಿಗುವುದಿಲ್ಲ. ಎರಡರ ಎದುರಿಗೆ: ಗಮನಿಸಿದೆ. ಮೂರರ ಎದುರಿಗೆ: ಗಮನಿಸಿದೆ, ಸಂತೋಷ. ನಾಲ್ಕರ ಎದುರಿಗೆ: ಇಲ್ಲಿಯೂ ಅದೇ ದೋಷ ಕಂಡುಬಂದಿದೆ. ಕ್ರಮ ಬಾಕಿ.

ಕೆಳಗೆ ಸಹಿ ಇತ್ತು, ತಾರೀಖು ಇತ್ತು.

ಮರುವರ್ಷ ಅವರನ್ನು ದೂರದ ಇನ್ನೊಂದು ಕಾರ್ಖಾನೆಗೆ ಕಳಿಸಿದರು. ನನ್ನನ್ನು ಮುಂಬಯಿ ಕಚೇರಿಯ ಸುದ್ದಿಮೇಜಿಗೆ ಕರೆಸಿಕೊಂಡರು. ಪತ್ರಗಳು ವರ್ಷಕ್ಕೆರಡಾದವು, ಆಮೇಲೆ ಒಂದು. ಪೆಟ್ಟಿಗೆ ಇನ್ನೂ ನನ್ನಲ್ಲಿದೆ. ಅವರು ಹೇಳಿದ ಇಪ್ಪತ್ತು ವರ್ಷ ಎಂದೋ ಮುಗಿಯಿತು, ಈವರೆಗೆ ಒಂದು ವಾಲ್ವೂ ಹೋಗಿಲ್ಲ. ಸಂಜೆ ಹೊತ್ತು ಹಚ್ಚಿ ಎಳೆದರೆ ಗಂಧಾರ ಇಳಿದು, ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಅದರ ಬೆನ್ನಿಗೆ ಅವರ ತಂತಿಗೆಂದು ಅರ್ಧ ಹೆಜ್ಜೆಯ ಜಾಗ ಬಿಟ್ಟು, ಮುಂದಿನ ಸ್ವರಕ್ಕೆ ಹೋಗುತ್ತೇನೆ.